ಒಂದೇ ತೊಟ್ಟಿ ನೀರು, ಬೆಳಿಗ್ಗೆ 1010, ಮಧ್ಯಾಹ್ನ 1260: ಮೀಟರ್ ಕೆಟ್ಟಿದೆಯಾ, ನೀರು ಕೆಟ್ಟಿದೆಯಾ?

ಜಗಳೂರು_ದಾಳಿಂಬೆ

ನಮಸ್ಕಾರ. ಜಗಳೂರು ತಾಲ್ಲೂಕು, ದಾಳಿಂಬೆ ತೋಟ. ಬೋರ್ ನೀರು ಸಿಮೆಂಟ್ ತೊಟ್ಟಿಗೆ ಬಿದ್ದು ಅಲ್ಲಿಂದ ಡ್ರಿಪ್‌ಗೆ ಹೋಗುತ್ತೆ. ತೊಟ್ಟಿಯಲ್ಲಿ ಐದಡಿ ನೀರಿದೆ. ಬೆಳಿಗ್ಗೆ ಆರಕ್ಕೆ ನೀರಿನ ತಾಪ 22 ಡಿಗ್ರಿ, ಇಸಿ (ನೀರು ಎಷ್ಟು ವಿದ್ಯುತ್ ಹರಿಸುತ್ತೆ ಅನ್ನೋ ಅಳತೆ, ಕರಗಿದ ಉಪ್ಪಿನ ಅಂದಾಜು ಇದರಿಂದಲೇ) 1010. ಮಧ್ಯಾಹ್ನ ಮೂರಕ್ಕೆ 34 ಡಿಗ್ರಿ, ಇಸಿ 1260. ನಡುವೆ ಬೋರ್ ಓಡಿಲ್ಲ, ಗೊಬ್ಬರ ಹಾಕಿಲ್ಲ. ತಾಪ ನೋಡಿದ್ದು ಬೇರೆ ಥರ್ಮಾಮೀಟರಿನಲ್ಲಿ. ಇಸಿಗೆ ಪೆನ್ ಮೀಟರ್, ಡಬ್ಬಿ ಮೇಲೆ "ಎಟಿಸಿ" ಅಂತ ಬರೆದಿದೆ. ಬಿಸಿಲಿಗೆ ನೀರು ಆರಿ ಉಪ್ಪು ಜಾಸ್ತಿಯಾಗ್ತಿದೆಯಾ? ಗೊಬ್ಬರದ ಲೆಕ್ಕಕ್ಕೆ ಯಾವ ಅಂಕಿ ಹಿಡೀಲಿ?

ಹನಿನೀರು_ಹಿರಿಯೂರು

ಆರಿ ಹೋಗಿದ್ದರಿಂದ ಅಲ್ಲ ಅಣ್ಣ. 1010 ಇದ್ದದ್ದು 1260 ಆಗಬೇಕಂದ್ರೆ ಐದರಲ್ಲೊಂದು ಪಾಲು ನೀರು ಆರಬೇಕು. ಐದಡಿ ನೀರಲ್ಲಿ ಒಂದಡಿ! ಒಂದು ಹಗಲಲ್ಲಿ ಅಷ್ಟು ಇಳಿದ್ರೆ ತೊಟ್ಟಿ ಸೋರ್ತಿದೆ ಅಂತ ಅರ್ಥ, ಆಗಲೂ ಇಸಿ ಏರಲ್ಲ. ನಿಮ್ಮ ಅಂಕಿ ಏರಿರೋದು ಬರೀ ಬಿಸಿಗೆ. ಡಿಗ್ರಿಗೆ ಎರಡು ಪರ್ಸೆಂಟ್ ಲೆಕ್ಕ ಹಾಕಿ, ಸರಿಹೋಗುತ್ತೆ.

ರಸಾಯನ_ಕೋಟೆ

ಮೇಲಿನವರು ಹೇಳಿದ್ದು ಸರಿ, ಲೆಕ್ಕವನ್ನು ಸ್ವಲ್ಪ ಬಿಡಿಸಿ ಇಡುತ್ತೇನೆ. ಇಲ್ಲಿಂದ ಮುಂದೆ ಬರೀ ಅಂಕಿ ಬರೆದರೆ ಅದು ಸೆಂಟಿಮೀಟರಿಗೆ ಮೈಕ್ರೋಸೀಮನ್ಸ್ ಎಂದು ಓದಿಕೊಳ್ಳಿ.

ಇಸಿಯನ್ನು ಹೋಲಿಸಬೇಕಾದರೆ 25 ಡಿಗ್ರಿಗೆ ತರಬೇಕು. ನೀರು ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಸೂತ್ರ:

25 ಡಿಗ್ರಿಯ ಇಸಿ = ಅಳೆದ ಇಸಿ ÷ (1 + 0.0191 × (ತಾಪ − 25))

ಬೆಳಿಗ್ಗೆ: 1010 ÷ 0.9427 = 1071.
ಮಧ್ಯಾಹ್ನ: 1260 ÷ 1.1719 = 1075.

ಎರಡೂ ಒಂದೇ ನೀರು. ನಾಲ್ಕು ಅಂಕಿಯ ವ್ಯತ್ಯಾಸ ಪೆನ್ನಿನ ನಿಖರತೆಯೊಳಗೇ ಮುಚ್ಚಿಹೋಗುತ್ತದೆ. ನಿಮ್ಮ ನೀರಿನ ಇಸಿ ಸುಮಾರು 1070 ಎಂದು ಹಿಡಿಯಿರಿ.

ಏಕೆ ಏರುತ್ತದೆ ಎಂದರೆ, ನೀರಿನಲ್ಲಿ ವಿದ್ಯುತ್ತನ್ನು ಹೊರುವುದು ಕರಗಿದ ಲವಣದ ಅಯಾನುಗಳು. ಬಿಸಿಯಾದರೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಅಡಿಗೆ ಉಪ್ಪಿನಂಥ ಲವಣ ಕರಗಿದಾಗಲೇ ಪೂರ್ತಿ ಅಯಾನುಗಳಾಗಿ ಒಡೆದಿರುತ್ತದೆ. ಹೆಚ್ಚುವುದು ಅವುಗಳ ಓಟ. ಕಾಯಿಸಿದ ಬೆಲ್ಲದ ಪಾಕ ತೆಳ್ಳಗಾಗುವ ಹಾಗೆ ನೀರಿನ ಸ್ನಿಗ್ಧತೆಯೂ ತಾಪದೊಂದಿಗೆ ಇಳಿಯುತ್ತದೆ: 20 ಡಿಗ್ರಿಯಲ್ಲಿ 1.002 ಮಿಲಿಪಾಸ್ಕಲ್-ಸೆಕೆಂಡ್, 25ರಲ್ಲಿ 0.890, 30ರಲ್ಲಿ 0.797, 40ರಲ್ಲಿ 0.653. ಡಿಗ್ರಿಗೆ ಎರಡು ಪರ್ಸೆಂಟಿನ ಆಸುಪಾಸು. ಇಸಿಯ ಏರಿಕೆಯೂ ಅಷ್ಟೇ ಇರುವುದು ಕಾಕತಾಳೀಯವಲ್ಲ.

ಬಿಡಿಭಾಗ_ದಾವಣಗೆರೆ

ಒಂದು ಗಮನಿಸಿ. ಎಟಿಸಿ ಅಂದ್ರೆ ತಾಪವನ್ನು ತಾನೇ ಸರಿದೂಗಿಸೋ ವ್ಯವಸ್ಥೆ. ಪೆನ್ನಲ್ಲಿ ಅದು ನಿಜವಾಗಿ ಕೆಲಸ ಮಾಡ್ತಿದ್ರೆ ಎರಡು ಹೊತ್ತೂ 1070ರ ಹತ್ತಿರವೇ ತೋರಿಸಬೇಕಿತ್ತು. ಅಂದ್ರೆ ನಿಮ್ಮ ಪೆನ್ನಲ್ಲಿ ಎಟಿಸಿ ಡಬ್ಬಿ ಮೇಲೆ ಮಾತ್ರ ಇದೆ, ಇಲ್ಲಾಂದ್ರೆ ಅದರ ಥರ್ಮಿಸ್ಟರ್ (ತಾಪ ಅಳೆಯೋ ಸೆನ್ಸರ್) ಸತ್ತಿದೆ.

ಪರೀಕ್ಷೆ ಸುಲಭ. ಒಂದೇ ನೀರನ್ನು ಎರಡು ಗಾಜಿನ ಲೋಟಕ್ಕೆ ಹಾಕಿ. ಒಂದನ್ನು ಫ್ರಿಜ್ಜಲ್ಲಿಟ್ಟು 20 ಡಿಗ್ರಿಗೆ ಇಳಿಸಿ, ಇನ್ನೊಂದನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 35ಕ್ಕೆ ತನ್ನಿ. ಮೇಲೆ ತಟ್ಟೆ ಮುಚ್ಚಿ. ಪೆನ್ ಅದ್ದಿ ಎರಡು ನಿಮಿಷ ಬಿಡಿ, ಅಲ್ಲಾಡಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಎಟಿಸಿ ಸರಿಯಿದ್ರೆ ಎರಡೂ ಎರಡು ಪರ್ಸೆಂಟ್ ಒಳಗೆ ಕೂಡಬೇಕು. ಎಟಿಸಿ ಇಲ್ಲದಿದ್ರೆ 30 ಪರ್ಸೆಂಟ್ ಹತ್ತಿರ ಅಂತರ ಬರುತ್ತೆ. ನಡುವೆ ಎಲ್ಲೋ ನಿಂತ್ರೆ ಸೆನ್ಸರ್ ಇನ್ನೂ ನೀರಿನ ತಾಪಕ್ಕೆ ಬಂದಿಲ್ಲ ಅಂತ, ಇನ್ನೂ ಕಾಯಿರಿ.

ಆ ಎರಡು ನಿಮಿಷ ಯಾಕೆ ಅಂದ್ರೆ, ತುಂಬಾ ಪೆನ್ನುಗಳಲ್ಲಿ ಥರ್ಮಿಸ್ಟರ್ ಪ್ಲಾಸ್ಟಿಕ್ ಒಳಗೆ ಕೂತಿರುತ್ತೆ. ಬೈಕ್ ಡಿಕ್ಕಿಯಿಂದ ಸುಡೋ ಪೆನ್ ತೆಗೆದು ತಣ್ಣೀರಿಗೆ ಅದ್ದಿದ ಕೂಡಲೇ ಓದಿದ್ರೆ, ಅದು ನೀರು 40 ಡಿಗ್ರಿ ಇದೆ ಅಂದುಕೊಂಡು ಇಲ್ಲದ ಬಿಸಿಯನ್ನು ಕಳೆಯುತ್ತೆ. ಅಂಕಿ ಕಡಿಮೆ ಬರುತ್ತೆ. ಎಟಿಸಿ ಇರೋ ಪೆನ್ನೇ ಇಲ್ಲದ ಪೆನ್ನಿಗಿಂತ ಹೆಚ್ಚು ಸುಳ್ಳು ಹೇಳೋದು ಇಂಥಾ ಕಡೆ.

ಸ್ಟೀಲ್ ಲೋಟ ಬೇಡ. ಪೆನ್ನಿನ ಎರಡು ಕಡ್ಡಿ ತೆರೆದೇ ಇದ್ದರೆ ವಿದ್ಯುತ್ ಲೋಟದ ಗೋಡೆಯಲ್ಲೂ ಹಾದು ಅಂಕಿ ಏರುತ್ತೆ.

ಜಗಳೂರು_ದಾಳಿಂಬೆ

ಮಾಡಿ ನೋಡಿದೆ. 20ರಲ್ಲಿ 970, 35ರಲ್ಲಿ 1275. ಎಟಿಸಿ ಬರೀ ಡಬ್ಬಿ ಮೇಲೆ! ಸರಿ, ಇನ್ನು ಥರ್ಮಾಮೀಟರ್ ಇಟ್ಟುಕೊಂಡೇ ಲೆಕ್ಕ ಹಾಕ್ತೀನಿ. ಆದ್ರೆ ಪೆನ್ 25 ಡಿಗ್ರಿಯಲ್ಲಾದ್ರೂ ಸರಿ ತೋರಿಸ್ತಿದೆ ಅಂತ ಹೇಗೆ ನಂಬೋದು?

ರಸಾಯನ_ಕೋಟೆ

ಗೊತ್ತಿರುವ ದ್ರಾವಣದಲ್ಲಿ ಅದ್ದಿ ನೋಡಬೇಕು. ಎಲ್ಲ ಕಡೆ ಬಳಸುವುದು 0.01 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್. ಅದರ ಇಸಿ ತಾಪಕ್ಕೆ ತಕ್ಕಂತೆ ಹೀಗಿದೆ:

0 ಡಿಗ್ರಿ: 776
10 ಡಿಗ್ರಿ: 1020
15 ಡಿಗ್ರಿ: 1147
20 ಡಿಗ್ರಿ: 1278
25 ಡಿಗ್ರಿ: 1413
30 ಡಿಗ್ರಿ: 1552

ಮಾಡುವ ಕ್ರಮ: ಎಆರ್ ದರ್ಜೆಯ (ಲ್ಯಾಬಿಗೆ ಬೇಕಾದಷ್ಟು ಶುದ್ಧವಾದ) ಪೊಟ್ಯಾಶಿಯಂ ಕ್ಲೋರೈಡನ್ನು 105 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಕದಂತೆ ಮುಚ್ಚಿಡುವ ಪಾತ್ರೆ) ಆರಿಸಿ. 0.7456 ಗ್ರಾಂ ತೂಗಿ, ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ವಾಲ್ಯೂಮೆಟ್ರಿಕ್ ಫ್ಲಾಸ್ಕಿನಲ್ಲಿ ಒಂದು ಲೀಟರಿಗೆ ತನ್ನಿ. ನಾಲ್ಕು ದಶಮಾಂಶದ ತಕ್ಕಡಿ ಇಲ್ಲವೇ? 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ 7.46 ಗ್ರಾಂ ತೂಗಿ ಲೀಟರ್ ಮಾಡಿ. ಇದು ಹತ್ತು ಪಟ್ಟು ಗಟ್ಟಿ, 25 ಡಿಗ್ರಿಯಲ್ಲಿ ಸುಮಾರು 12,880. ಇದರಲ್ಲಿ 100 ಮಿಲೀ ತೆಗೆದು ಮತ್ತೆ ಲೀಟರ್ ಮಾಡಿದರೆ 1413ರದ್ದು ಸಿದ್ಧ. ಅದೇ ತಕ್ಕಡಿಯಲ್ಲಿ ನೇರವಾಗಿ 0.75 ಗ್ರಾಂ ತೂಗಿದರೆ ಒಂದು ಪರ್ಸೆಂಟಿಗೂ ಮಿಕ್ಕಿದ ದೋಷ ಅಲ್ಲೇ ಸೇರಿಬಿಡುತ್ತದೆ.

ಗೊಬ್ಬರದ ಅಂಗಡಿಯ ಕೆಂಪು ಪೊಟ್ಯಾಷ್ ಕೂಡ ಪೊಟ್ಯಾಶಿಯಂ ಕ್ಲೋರೈಡೇ, ಆದರೆ ಈ ಕೆಲಸಕ್ಕೆ ಬೇಡ. ಅದರಲ್ಲಿ ಅಡಿಗೆ ಉಪ್ಪು ಬೆರೆತಿರುತ್ತದೆ, ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನದು.

ಹನಿನೀರು_ಹಿರಿಯೂರು

ತೋಟದೋರಿಗೆ ಡೆಸಿಕೇಟರ್ ಎಲ್ಲಿಂದ ಬರಬೇಕು ಸಾರ್. ಅಡಿಗೆ ಉಪ್ಪಲ್ಲಿ ಆಗಲ್ವಾ?

ರಸಾಯನ_ಕೋಟೆ

ಪೆನ್ ತೀರಾ ದಾರಿ ತಪ್ಪಿದೆಯೇ ಎಂದು ನೋಡಲು ಆಗುತ್ತದೆ. ಕ್ಯಾಲಿಬ್ರೇಷನ್‌ಗೆ ಅಲ್ಲ. ಪುಡಿ ಉಪ್ಪನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ತೇವ ತೆಗೆಯಿರಿ. ಆರಿದ ಮೇಲೆ 10.00 ಗ್ರಾಂ ತೂಗಿ ಒಂದು ಲೀಟರ್ ಮಾಡಿ, ಅದರಲ್ಲಿ 100 ಮಿಲೀ ತೆಗೆದು ಮತ್ತೊಂದು ಲೀಟರ್ ಮಾಡಿ. ಲೀಟರಿಗೆ ಒಂದು ಗ್ರಾಂ ಉಪ್ಪಿನ ಈ ನೀರು 25 ಡಿಗ್ರಿಯಲ್ಲಿ 1990ರ ಆಸುಪಾಸು ತೋರಿಸಬೇಕು. ಪ್ಯಾಕೆಟ್ ಉಪ್ಪಿನಲ್ಲಿ ಗಂಟುಕಟ್ಟದಂತೆ ಹಾಕುವ ಪುಡಿ, ಇತರ ಲವಣ ಸ್ವಲ್ಪ ಇರುವುದರಿಂದ ಮೂರು ಪರ್ಸೆಂಟ್ ಆಚೀಚೆ ಆದರೆ ತಲೆ ಕೆಡಿಸಿಕೊಳ್ಳಬೇಡಿ. 1700 ಅಥವಾ 2300 ತೋರಿಸಿದರೆ ಪೆನ್ ತೊಳೆಯುವ ಕಾಲ ಬಂದಿದೆ.

ನೀರು ಮುಖ್ಯ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ನಡೆಯುತ್ತದೆ, ಆದರೆ ಮೊದಲು ಅದರ ಇಸಿ ನೋಡಿ. 10ಕ್ಕಿಂತ ಕೆಳಗಿದ್ದರೆ ಸಾಕು. ಸೊನ್ನೆ ಬರಲಿಲ್ಲವೆಂದು ಅಂಗಡಿಯವನ ಮೇಲೆ ಹೋಗಬೇಡಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿದರೆ ಸಾಕು, ಒಳ್ಳೆಯ ಡಿಸ್ಟಿಲ್ಡ್ ನೀರೂ 1ರ ಹತ್ತಿರ ಬಂದು ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಪರಿಶುದ್ಧ ನೀರಿನದು 0.055, ಅದನ್ನು ಗಾಳಿಗೆ ತೆರೆದ ಲೋಟದಲ್ಲಿ ಕಾಣಲು ಆಗುವುದಿಲ್ಲ.

ಜಗಳೂರು_ದಾಳಿಂಬೆ

ಪೆನ್ ತೊಳೆಯೋದು ಹೇಗೆ? ಕಡ್ಡಿ ಮೇಲೆ ಬಿಳಿ ಕರೆ ಕಟ್ಟಿದೆ.

ಬಿಡಿಭಾಗ_ದಾವಣಗೆರೆ

ಗಡಸು ನೀರಿನ ಸುಣ್ಣ ಅದು. ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, 100 ಮಿಲೀ ನೀರಿಗೆ 5 ಗ್ರಾಂ. ಅದರಲ್ಲಿ ಕಡ್ಡಿ ಮಾತ್ರ ಮುಳುಗೋ ಹಾಗೆ ಹತ್ತು ನಿಮಿಷ ಇಟ್ಟು, ಡಿಸ್ಟಿಲ್ಡ್ ನೀರಲ್ಲಿ ಮೂರು ಸಲ ಜಾಲಿಸಿ. ಸ್ಟೀಲ್ ಅಥವಾ ಟೈಟಾನಿಯಂ ಕಡ್ಡಿಯಾದ್ರೆ ಮೆತ್ತನೆ ಬ್ರಷ್ ಆಡಿಸಬಹುದು. ಲ್ಯಾಬಿನ ಗಾಜಿನ ಸೆಲ್ಲಲ್ಲಿ ಪ್ಲಾಟಿನಂ ಮೇಲೆ ಕಪ್ಪು ಲೇಪ ಇರುತ್ತೆ, ಅದಕ್ಕೆ ಬ್ರಷ್ ಮುಟ್ಟಿಸಬಾರದು. ಆ ಕಪ್ಪು ಕೊಳೆ ಅಲ್ಲ.

ಕರೆ ಕಟ್ಟಿದ್ರೆ ಅಂಕಿ ಸಾಮಾನ್ಯವಾಗಿ ಕಮ್ಮಿ ತೋರಿಸುತ್ತೆ. ಕಡ್ಡಿಗಳ ನಡುವೆ ಗಾಳಿಗುಳ್ಳೆ ಕೂತ್ರೂ ಅಷ್ಟೇ. ಪೆನ್ನನ್ನು ಓರೆ ಮಾಡಿ ಅದ್ದಿ, ಲೋಟದ ಬದಿಗೆ ಎರಡು ಸಲ ತಟ್ಟಿ.

ಆರ್‌ಒ_ಚಳ್ಳಕೆರೆ

ನೀರಿನ ಘಟಕ ನಡೆಸೋರು ಇದನ್ನ ಓದಲೇಬೇಕು. ಆರ್‌ಒದಲ್ಲಿ, ಅಂದ್ರೆ ಪೊರೆ (ಮೆಂಬ್ರೇನ್) ಮೂಲಕ ನೀರು ಶುದ್ಧ ಮಾಡೋ ಯಂತ್ರದಲ್ಲಿ, ತಾಪ ಎರಡು ಕಡೆ ಆಟ ಆಡುತ್ತೆ. ಬೇಸಿಗೆಯಲ್ಲಿ ಒಳಗೆ ಬರೋ ನೀರು 33 ಡಿಗ್ರಿ, ಚಳಿಗಾಲದಲ್ಲಿ 23. ಪೊರೆ ದಾಟಿ ಬರೋ ನೀರಿನ ಪ್ರಮಾಣ ಡಿಗ್ರಿಗೆ ಸುಮಾರು ಮೂರು ಪರ್ಸೆಂಟ್ ಬದಲಾಗುತ್ತೆ, ಹತ್ತು ಡಿಗ್ರಿಗೆ 30ರ ಹತ್ತಿರ. ಡಿಸೆಂಬರಲ್ಲಿ ನೀರು ಕಮ್ಮಿ ಬಂತು ಅಂತ ಮೆಂಬ್ರೇನ್ ಬದಲಿಸಿದ್ರೆ ದುಡ್ಡು ದಂಡ. ಇನ್ನೊಂದು ಕಡೆ, ಬಿಸಿ ನೀರಲ್ಲಿ ಉಪ್ಪು ಪೊರೆ ದಾಟೋದೂ ಜಾಸ್ತಿ. ಹಾಗಾಗಿ ಏಪ್ರಿಲ್‌ನಲ್ಲಿ ಶುದ್ಧ ನೀರಿನ ಇಸಿ ಏರೋದ್ರಲ್ಲಿ ಸ್ವಲ್ಪ ಮೀಟರಿನದು, ಸ್ವಲ್ಪ ನಿಜವಾದ ಉಪ್ಪು. 25ಕ್ಕೆ ತಂದ ಮೇಲೂ ಉಳಿಯೋ ಏರಿಕೆಯೇ ನಿಜವಾದದ್ದು.

ಒಳಗಿನ ನೀರಿನ ಇಸಿ ಒಂದು ಹೊತ್ತಲ್ಲಿ, ಹೊರಗಿನದು ಇನ್ನೊಂದು ಹೊತ್ತಲ್ಲಿ ತಗೊಂಡು ಪರ್ಸೆಂಟ್ ಲೆಕ್ಕ ಹಾಕೋದು ಶುದ್ಧ ತಪ್ಪು. ಎರಡನ್ನೂ ಒಂದೇ ಸಲ ಹಿಡಿದು, ಪಕ್ಕಪಕ್ಕದಲ್ಲಿಟ್ಟು, ಒಂದೇ ತಾಪಕ್ಕೆ ಬಂದ ಮೇಲೆ ಅಳೀರಿ.

ಇನ್ನೊಂದು: ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಲವಣ) ಪೆನ್ ಅಳೆಯೋದೂ ಇಸಿಯನ್ನೇ. ಅದನ್ನ 0.5ರಿಂದಲೋ 0.7ರಿಂದಲೋ ಗುಣಿಸಿ ತೋರಿಸುತ್ತೆ, ಅಷ್ಟೇ. 1413ರ ದ್ರಾವಣ ಒಂದು ಪೆನ್ನಲ್ಲಿ 706, ಇನ್ನೊಂದರಲ್ಲಿ 989. ಎರಡೂ ಸರಿ. ಭಾರತೀಯ ಮಾನದಂಡ ಐಎಸ್ 10500 ಕುಡಿಯೋ ನೀರಿಗೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಅಂತ ಹೇಳುತ್ತೆ, ಬೇರೆ ಮೂಲ ಇಲ್ಲದಿದ್ರೆ 2000ದವರೆಗೆ. ಆ ಗಡಿ ಹತ್ತಿರದ ನೀರಿಗೆ ಪೆನ್ ನಂಬಿ ತೀರ್ಮಾನ ಬೇಡ.

ಹನಿನೀರು_ಹಿರಿಯೂರು

ಫ್ಲೋರೈಡ್ ಪೆನ್ನಲ್ಲಿ ಗೊತ್ತಾಗುತ್ತಾ? ನಮ್ಮ ಕಡೆ ಎಲ್ಲರೂ "ಟಿಡಿಎಸ್ ಕಮ್ಮಿ ಇದೆ, ನೀರು ಚೆನ್ನಾಗಿದೆ" ಅಂತಾರೆ.

ರಸಾಯನ_ಕೋಟೆ

ಇಲ್ಲ. ಲೆಕ್ಕ ನೋಡಿ. ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ. 19ರಿಂದ ಭಾಗಿಸಿದರೆ 0.079 ಮಿಲಿಮೋಲ್. ಫ್ಲೋರೈಡ್ ಅಯಾನಿನ ಮೋಲಾರ್ ವಾಹಕತೆ 55.4, ಗುಣಿಸಿದರೆ ಇಸಿಗೆ ಅದು ಸೇರಿಸುವುದು 4.4. ನಿಮ್ಮ ನೀರು 1000 ಇದ್ದರೆ ಒಂದು ಡಿಗ್ರಿ ತಾಪವೇ 19 ಅಂಕಿ ಅಲ್ಲಾಡಿಸುತ್ತದೆ. ಹಲ್ಲು, ಮೂಳೆ ಹಾಳುಮಾಡುವಷ್ಟು ಫ್ಲೋರೈಡ್ ಕಾಲು ಡಿಗ್ರಿಯ ಏರಿಳಿತದೊಳಗೆ ಅಡಗಿ ಕೂರುತ್ತದೆ. ಚಿತ್ರದುರ್ಗ, ಜಗಳೂರು ಕಡೆಯ ಬೋರ್ ನೀರಿಗೆ ಫ್ಲೋರೈಡ್ ಪರೀಕ್ಷೆ ಪ್ರತ್ಯೇಕವಾಗಿಯೇ ಮಾಡಿಸಬೇಕು.

ಜಗಳೂರು_ದಾಳಿಂಬೆ

ನಿಂಬೆ ಉಪ್ಪಲ್ಲಿ ತೊಳೆದ ಮೇಲೆ ಉಪ್ಪಿನ ನೀರಲ್ಲಿ 1960 ತೋರಿಸ್ತು, 25ಕ್ಕೆ ತಂದು. ಸಾಕು ಅನಿಸುತ್ತೆ. ಈಗ ಗೊಬ್ಬರದ ವಿಷಯ. 200 ಲೀಟರ್ ಡ್ರಮ್ಮಿಗೆ 10 ಕೆಜಿ ಯೂರಿಯಾ ಕರಗಿಸಿದ್ರೆ ಇಸಿ ಇಳಿದೇಬಿಡ್ತು. ಇದೇನು?

ಹನಿನೀರು_ಹಿರಿಯೂರು

ಹ್ಹಹ್ಹ, ಇದು ಎಲ್ಲರನ್ನೂ ಏಮಾರಿಸುತ್ತೆ. ಯೂರಿಯಾ ಕರಗುತ್ತೆ, ಆದ್ರೆ ಅಯಾನು ಆಗಲ್ಲ. ಮೀಟರಿಗೆ ಅದು ಕಾಣೋದೇ ಇಲ್ಲ. ಮೇಲಿಂದ ಯೂರಿಯಾ ಕರಗುವಾಗ ನೀರು ತಣ್ಣಗಾಗುತ್ತೆ. ಡ್ರಮ್ ಮುಟ್ಟಿ ನೋಡಿ.

ರಸಾಯನ_ಕೋಟೆ

ಗ್ರಾಂ ಯೂರಿಯಾ ಕರಗಲು ಸುಮಾರು 250 ಜೂಲ್ ಶಾಖ ಹೀರುತ್ತದೆ. 10 ಕೆಜಿಗೆ 25 ಲಕ್ಷ ಜೂಲ್. 200 ಲೀಟರ್ ನೀರು ಅದರಿಂದ 3 ಡಿಗ್ರಿ ಇಳಿಯುತ್ತದೆ. ಎಟಿಸಿ ಇಲ್ಲದ ಪೆನ್ನಿನಲ್ಲಿ ಇಸಿ ಆರು ಪರ್ಸೆಂಟ್ ಕಡಿಮೆ. 1070ರ ನೀರು ಸುಮಾರು 60 ಅಂಕಿ ಇಳಿದಂತೆ ಕಾಣುತ್ತದೆ. ಯೂರಿಯಾ ಸೇರಿ ದ್ರಾವಣ ತುಸು ದಪ್ಪವಾಗುವುದರಿಂದ ಇನ್ನೂ ಸ್ವಲ್ಪ.

13:0:45 ಅಂದರೆ ಪೊಟ್ಯಾಶಿಯಂ ನೈಟ್ರೇಟ್ ಕೂಡ ಕರಗುವಾಗ ತಂಪು ಮಾಡುತ್ತದೆ, ಆದರೆ ಅದು ಪೂರ್ತಿ ಅಯಾನು. ಲೀಟರಿಗೆ 1 ಗ್ರಾಂ ಹಾಕಿದರೆ ಇಸಿ ಸುಮಾರು 1310 ಸೇರುತ್ತದೆ. ಡ್ರಮ್ಮಿನಲ್ಲಿ ಅಲ್ಲ, ಡ್ರಿಪ್ಪರಿನಿಂದ ಬೀಳುವ ನೀರನ್ನು ಹಿಡಿದು ಈ ಲೆಕ್ಕ ಹಾಕಿ: ಡ್ರಿಪ್ಪರ್ ನೀರಿನ ಇಸಿಯಿಂದ ಬರೀ ನೀರಿನ ಇಸಿ ಕಳೆದು, 1310ರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಗ್ರಾಂ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಎರಡನ್ನೂ 25ಕ್ಕೆ ತಂದೇ ಕಳೆಯಬೇಕು. 19:19:19 ಮಿಶ್ರ ಗೊಬ್ಬರಕ್ಕೆ ಈ ಲೆಕ್ಕ ಬೇರೆ, ಅದರ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ, ಮೀಟರಿಗೆ ಸಿಗುವುದಿಲ್ಲ. ಗೊತ್ತಿರುವ ತೂಕ ಕರಗಿಸಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ.

ಗಟ್ಟಿ ದ್ರಾವಣಕ್ಕೆ ಈ ನೇರ ಗುಣಾಕಾರ ಒಗ್ಗುವುದಿಲ್ಲ. ಅಯಾನುಗಳು ಹತ್ತಿರವಾದಷ್ಟೂ ಒಂದನ್ನೊಂದು ಹಿಂದಕ್ಕೆಳೆಯುತ್ತವೆ. ಅಡಿಗೆ ಉಪ್ಪು 0.01 ಮೋಲಾರ್‌ನಲ್ಲಿ 1185, ಹತ್ತು ಪಟ್ಟು ಗಟ್ಟಿ ಮಾಡಿದರೆ 11,850 ಅಲ್ಲ, 10,670. ಜರ್ಮನ್ ವಿಜ್ಞಾನಿ ಕೋಲ್‌ರಾಷ್ 19ನೇ ಶತಮಾನದಲ್ಲೇ ತೋರಿಸಿದ ವರ್ಗಮೂಲದ ನಿಯಮ ಇದೇ.

ಬಿಡಿಭಾಗ_ದಾವಣಗೆರೆ

ಇದೇ ಕೆಲಸವನ್ನು ಆರ್ಡುಯಿನೋದಲ್ಲಿ (ಕೋಡ್ ಬರೆದು ನಡೆಸೋ ಸಣ್ಣ ಸರ್ಕ್ಯೂಟ್ ಬೋರ್ಡ್) ಮಾಡಿ ತೊಟ್ಟಿಗೆ ಕೂರಿಸಬೇಕು ಅನ್ನೋರಿಗೆ. ಎರಡು ಕಡ್ಡಿಯ ಟಿಡಿಎಸ್ ಮಾಡ್ಯೂಲ್ ಜೊತೆ ನೀರು ಹೋಗದ ಡಿಎಸ್18ಬಿ20 ತಾಪದ ಪ್ರೋಬ್ ಹಾಕಿ. ಕೋಡಿನಲ್ಲಿ ಸಾಮಾನ್ಯವಾಗಿ 1 + 0.02 × (ತಾಪ − 25) ಅಂತ ಇರುತ್ತೆ, ಆದ್ರೆ ತಾಪವನ್ನು 25 ಅಂತ ಕೈಯಲ್ಲೇ ಬರೆದು ಬಿಟ್ಟಿರ್ತಾರೆ. ಅಲ್ಲಿಗೆ ಡಿಎಸ್18ಬಿ20ಯ ಅಂಕಿ ಕೊಡದಿದ್ರೆ ಮತ್ತೆ ಡಬ್ಬಿ ಮೇಲಿನ ಎಟಿಸಿ ಕಥೆಯೇ.

ಮಲ್ಟಿಮೀಟರಿನ ಓಮ್ಸ್‌ನಲ್ಲಿ ಎರಡು ಮೊಳೆ ಅದ್ದಿ ಅಳೆಯೋಕೆ ಹೋಗಬೇಡಿ. ಡಿಸಿ ಕೊಟ್ರೆ ಕಡ್ಡಿ ಮೇಲೆ ಅಯಾನು ಗುಂಪುಗಟ್ಟಿ, ಗುಳ್ಳೆ ಬಂದು, ಅಂಕಿ ಓಡ್ತಾನೇ ಇರುತ್ತೆ. ಅದಕ್ಕೇ ಮೀಟರುಗಳು ಎಸಿ ಬಳಸೋದು, ಒಂದು ಕಿಲೋಹರ್ಟ್ಜ್ ಆಸುಪಾಸು. ಅದೇ ನೀರಲ್ಲಿ ಪಿಎಚ್ ಪ್ರೋಬ್ ಕೂಡ ಇದ್ರೆ ಎರಡೂ ಒಂದಕ್ಕೊಂದು ಕಿತ್ತಾಡ್ತವೆ. ಒಂದರ ಕರೆಂಟ್ ಆಫ್ ಮಾಡಿ ಇನ್ನೊಂದನ್ನು ಓದಿ.

ಆರ್‌ಒ_ಚಳ್ಳಕೆರೆ

ಒಂದು ತಕರಾರು. 0.0191 ಎಲ್ಲ ಕಡೆ ನಡೆಯುತ್ತಾ? ನಮ್ಮ ಹಳೆ ಮೀಟರ್ 20 ಡಿಗ್ರಿಗೆ ಸೆಟ್ ಆಗಿದೆ.

ರಸಾಯನ_ಕೋಟೆ

ಒಳ್ಳೆಯ ತಕರಾರು. ಮೇಲಿನ ಪಟ್ಟಿಯ ಅಂಕಿಗಳನ್ನೇ ಸೂತ್ರಕ್ಕೆ ಹಾಕಿ. 30 ಡಿಗ್ರಿಯ 1552 ಕೊಟ್ಟರೆ 1417 ಬರುತ್ತದೆ. 20ರ 1278 ಕೊಟ್ಟರೆ 1413. 10ರ 1020 ಕೊಟ್ಟರೆ 1430. ಸೊನ್ನೆಯ 776 ಕೊಟ್ಟರೆ 1485, ಐದು ಪರ್ಸೆಂಟ್ ತಪ್ಪು. ಏರಿಕೆ ನಿಜಕ್ಕೂ ನೇರ ಗೆರೆಯಲ್ಲ, 25ರಿಂದ ದೂರ ಹೋದಷ್ಟೂ ಸೂತ್ರ ಸಡಿಲವಾಗುತ್ತದೆ. ಇಸಿ ಅಳತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 7888 ಅದಕ್ಕೇ ನೇರ ಗೆರೆ ಬಿಟ್ಟು ಕೋಷ್ಟಕ ಕೊಡುತ್ತದೆ. ನಮ್ಮ ಬಯಲುಸೀಮೆಯಲ್ಲಿ 15ಕ್ಕಿಂತ ತಣ್ಣನೆಯ ನೀರನ್ನು ಯಾರೂ ಅಳೆಯುವುದಿಲ್ಲ, ಹಾಗಾಗಿ ನೇರ ಸೂತ್ರವೇ ಸಾಕು.

20 ಡಿಗ್ರಿಯ ಮೀಟರ್ ಬೇರೆ ಮಾತು. ಅದರ ಅಂಕಿಯನ್ನು 25ರ ಅಂಕಿಯೊಂದಿಗೆ ನೇರ ಹೋಲಿಸಿದರೆ ಹತ್ತು ಪರ್ಸೆಂಟ್ ಕಡಿಮೆ ಕಾಣುತ್ತದೆ. 1.105ರಿಂದ ಗುಣಿಸಿ. ಮತ್ತೊಂದು ಬಲೆ: ಪರ್ಸೆಂಟ್ ಯಾವ ತಾಪದ ಇಸಿಗೆ ಎಂದು ನೋಡಬೇಕು. 20ರಿಂದ 25ಕ್ಕೆ ಡಿಗ್ರಿಗೆ 27 ಅಂಕಿ ಏರುತ್ತದೆ. 1413ಕ್ಕೆ ಅದು 1.91 ಪರ್ಸೆಂಟ್, 1278ಕ್ಕೆ 2.11. ಒಂದರ ಪರ್ಸೆಂಟನ್ನು ಇನ್ನೊಂದಕ್ಕೆ ಹಾಕಿದವರೇ ಹೆಚ್ಚು.

ಲವಣವಲ್ಲದ್ದಕ್ಕೆ ಅಂಕಿ ಬದಲಾಗುತ್ತದೆ. ಡ್ರಿಪ್ ಪೈಪು ತೊಳೆಯಲು ಹಾಕುವ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಡಿಗ್ರಿಗೆ ಒಂದೂವರೆ ಪರ್ಸೆಂಟ್ ಅಷ್ಟೇ. ಹೈಡ್ರೋಜನ್ ಅಯಾನು ಈಜುವುದಕ್ಕಿಂತ ನೀರಿನ ಅಣುವಿನಿಂದ ಅಣುವಿಗೆ ದಾಟಿಕೊಂಡು ಹೋಗುತ್ತದೆ, ಸ್ನಿಗ್ಧತೆಯ ಹಂಗು ಅದಕ್ಕೆ ಕಡಿಮೆ. ಪರಿಶುದ್ಧ ನೀರಿಗೆ ಐದು ಪರ್ಸೆಂಟ್ ದಾಟುತ್ತದೆ, ಏಕೆಂದರೆ ಅಲ್ಲಿ ಮಾತ್ರ ಬಿಸಿಯಾದಂತೆ ಅಯಾನುಗಳ ಸಂಖ್ಯೆಯೂ ಹೆಚ್ಚುತ್ತದೆ.

ಜಗಳೂರು_ದಾಳಿಂಬೆ

ನಮ್ಮ ಬೋರ್ ನೀರಿನ ಪರ್ಸೆಂಟ್ ನಾವೇ ಕಂಡುಹಿಡಿಯೋಣ ಅಂತ 70 ಡಿಗ್ರಿಗೆ ಕಾಯಿಸಿ, ಆರಿಸ್ತಾ ಅಳೆದೆ. 25ಕ್ಕೆ ಬಂದಾಗ 1070 ಇಲ್ಲ, 900! ಪಾತ್ರೆ ತಳದಲ್ಲಿ ಬಿಳಿ ಪುಡಿ.

ರಸಾಯನ_ಕೋಟೆ

ಅದು ನೀವು ಕಾಯಿಸಿದ್ದರ ಫಲ. ಗಡಸು ನೀರಿನ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಗೆ ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಸುಣ್ಣ ತಳಕ್ಕೆ ಇಳಿಯಿತು. ಲೀಟರಿಗೆ 100 ಮಿಲಿಗ್ರಾಂ ಗಡಸುತನ ಹೀಗೆ ಇಳಿದರೆ ಇಸಿ 180ರಿಂದ 200 ಇಳಿಯುತ್ತದೆ. ನಿಮ್ಮ ಲೆಕ್ಕಕ್ಕೆ ಹೊಂದುತ್ತದೆ. ಈ ಪರೀಕ್ಷೆಯನ್ನು ಬೋರ್ ನೀರಿನಲ್ಲಿ ಮಾಡುವುದಾದರೆ 20ರಿಂದ 35ರೊಳಗೆ, ತುಂಬಿ ಮುಚ್ಚಿದ ಬಾಟಲಿಯಲ್ಲಿ, ಮತ್ತೆ 25ಕ್ಕೆ ಬಂದಾಗ ಮೊದಲಿನ ಅಂಕಿ ಬರುತ್ತದೆಯೇ ನೋಡಿ. ಬರದಿದ್ದರೆ ಆ ಅಳತೆಯನ್ನು ಬಿಟ್ಟುಬಿಡಿ.

ಜಗಳೂರು_ದಾಳಿಂಬೆ

ಅರ್ಥ ಆಯ್ತು ಸರ್. ಕೊನೇದು: ದಾವಣಗೆರೆ ಲ್ಯಾಬಿಗೆ ನೀರು ಕೊಡುವಾಗ ತೊಟ್ಟಿದು ಕೊಡ್ಲಾ, ಬೋರ್ ಬಾಯಿಂದ ಹಿಡೀಲಾ?

ಹನಿನೀರು_ಹಿರಿಯೂರು

ಡ್ರಿಪ್‌ಗೆ ತೊಟ್ಟಿ ನೀರೇ ಹೋಗೋದು, ಅದನ್ನೇ ಕೊಡಿ. ಆದ್ರೆ ಬೋರ್‌ದೂ ಒಂದು ಬಾಟಲಿ ಕೊಡಿ, ಅರ್ಧ ಗಂಟೆ ಮೋಟರ್ ಓಡಿದ ಮೇಲೆ ಹಿಡಿದದ್ದು. ಬೋರ್‌ದಕ್ಕಿಂತ ತೊಟ್ಟಿದರ ಇಸಿ ಕಮ್ಮಿ ಬಂದ್ರೆ ತೊಟ್ಟಿ ಗೋಡೆ ಮೇಲೆ ಸುಣ್ಣ ಕೂತಿರಬಹುದು. ಲೀಟರ್ ಬಾಟಲಿ, ಅದೇ ನೀರಲ್ಲಿ ಮೂರು ಸಲ ತೊಳೆದು, ಗಾಳಿ ಉಳಿಯದ ಹಾಗೆ ಕಂಠದವರೆಗೆ ತುಂಬಿ, ನೀರೊಳಗೇ ಮುಚ್ಚಳ ಹಾಕಿ. ಬಿಸಿಲಿಗೆ ಇಡಬೇಡಿ. ಇಸಿ ಜೊತೆ ಎಸ್‌ಎಆರ್ (ಕ್ಯಾಲ್ಸಿಯಂ, ಮೆಗ್ನೀಷಿಯಂಗೆ ಹೋಲಿಸಿದ್ರೆ ಸೋಡಿಯಂ ಎಷ್ಟು ಅನ್ನೋ ಅಳತೆ), ಕಾರ್ಬೊನೇಟ್, ಬೈಕಾರ್ಬೊನೇಟ್ ಬರೆಸಿ. ಬರೀ ಇಸಿ 1070 ಅಂದ್ರೆ ಮಧ್ಯಮ ನೀರು, 700ರಿಂದ 3000ದ ಸಾಲಿನದು. ಅದರಲ್ಲಿ ಸೋಡಿಯಂ ಎಷ್ಟು ಅಂತ ಗೊತ್ತಾಗದೆ ಜಿಪ್ಸಂ ಹಾಕ್ಬೇಕಾ ಬೇಡ್ವಾ ಹೇಳೋಕಾಗಲ್ಲ.

ಆರ್‌ಒ_ಚಳ್ಳಕೆರೆ

ಫ್ಲೋರೈಡೂ ಬರೆಸಿ.